ಪದ ಸಿಕ್ಕಿತು, ಓದು ಸಿಗಲಿಲ್ಲ

(ತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಪುಟ್ಟ ಅಂತಷ್ಟೇ ಕರೆಯುತ್ತೇನೆ.)

ಮೊದಲ ಭೇಟಿಗೆ ಆ ತಾಯಿ ಮಗನ ಜೊತೆ ಒಂದು ಚೀಲ ತುಂಬ ಪುಸ್ತಕ ತಂದಿದ್ದರು. ಕೂತವರೇ ಒಂದೊಂದಾಗಿ ಮೇಜಿನ ಮೇಲೆ ಪೇರಿಸಿದರು. ಚೌಕದಲ್ಲಿ ಪದ ಹುಡುಕುವವು, ಬಿಟ್ಟ ಅಕ್ಷರ ತುಂಬುವವು, ಚಿತ್ರಕ್ಕೆ ಪದ ಹೊಂದಿಸುವವು, ಮಕ್ಕಳ ಪದಬಂಧ. ಎಲ್ಲದರಲ್ಲೂ ಮೊದಲ ಏಳೆಂಟು ಪುಟ ಪೆನ್ಸಿಲ್ ಗೀಚಿ ಗೀಚಿ ಸವೆದಿದ್ದವು, ಆಮೇಲಿನವು ಅಂಗಡಿಯಿಂದ ಬಂದ ಹಾಗೇ ಇದ್ದವು. ಪುಟ್ಟನಿಗೆ ಐದೂವರೆ ವರ್ಷ. ಮೊದಲ ಪುಸ್ತಕ ಚೀಲದಿಂದ ಹೊರಬಂದದ್ದೇ ತಡ, ಕುರ್ಚಿಯಿಂದ ಜಾರಿ ಮೇಜಿನಡಿ ಸೇರಿಕೊಂಡ.

“ನೋಡಿ ಮೇಡಂ, ಮನೇಲೂ ಹೀಗೇ. ಪುಸ್ತಕ ಕಂಡ್ರೆ ಸಾಕು, ಮಂಚದ ಕೆಳಗೆ ಹೋಗಿಬಿಡ್ತಾನೆ” ಎಂದರು ತಾಯಿ.

ಅವರ ದೂರು ಇಷ್ಟು. ಹುಡುಗನಿಗೆ ವರ್ಣಮಾಲೆಯ 49 ಅಕ್ಷರವೂ ಬಾಯಿಪಾಠ. ಚೌಕದಲ್ಲಿ ಪದ ಹುಡುಕು ಎಂದರೆ ಬಲು ಚುರುಕು. ಆದರೆ ಎರಡಕ್ಷರದ ಪದ ಬರೆದು ‘ಓದು’ ಎಂದರೆ ಬಾಯಿ ಕಟ್ಟಿಹೋಗುತ್ತದೆ. ಅವನಿಗಿಂತ ಮೂರು ತಿಂಗಳು ಚಿಕ್ಕವಳಾದ ಚಿಕ್ಕಪ್ಪನ ಮಗಳು ಆಗಲೇ ಬೋರ್ಡು ಓದುತ್ತಾಳೆ. “ಪದಗಳ ಆಟ ಆಡಿಸಿದ್ರೆ ಓದು ತಾನಾಗೇ ಬರುತ್ತೆ ಅಂತ ಎಲ್ಲರೂ ಹೇಳಿದ್ರು. ವರ್ಷದಿಂದ ಆಡಿಸ್ತಾ ಇದ್ದೀನಿ. ಇವನಿಗೆ ಮಾತ್ರ ಯಾಕೆ ಬರ್ತಿಲ್ಲ?”

ನಾನು ಮೇಜಿನಡಿಗೇ ಹೋಗಿ ಕೂತೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು, ನಾಲ್ಕು ಕಂಬದ ಚೌಕ ಎಳೆದು ಅಕ್ಷರ ತುಂಬಿಸಿ, ಪಕ್ಕದಲ್ಲಿ ‘ಮರ’ ಎಂದು ಬರೆದೆ. ಕಣ್ಣು ಮಿಟುಕಿಸುವುದರಲ್ಲಿ ಅದರ ಸುತ್ತ ಗೆರೆ ಎಳೆದ.

“ಭಲೇ! ಏನಂತ ಓದು ನೋಡೋಣ?”

“ಸಿಕ್ತಲ್ಲ!”

“ಸಿಕ್ತು. ಏನದು?”

ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು “ಯ...” ಎಂದು ನನ್ನ ಮುಖ ನೋಡಿದ. ಮ ಮತ್ತು ಯ ಬರಹದಲ್ಲಿ ಅಕ್ಕತಂಗಿಯರಂತಿವೆ, ತಪ್ಪಾಗುವುದು ಸಹಜ. ನನಗೆ ಅದಕ್ಕಿಂತ ಬೇರೊಂದು ಅನುಮಾನವಿತ್ತು. ಇನ್ನೊಂದು ಚೌಕ ಎಳೆದು ಅಕ್ಷರಗಳ ಬದಲು ತ್ರಿಕೋನ, ಸೊನ್ನೆ, ಗುಣಾಕಾರದ ಗುರುತು, ಎರಡು ಗೀಟು, ಇಂಥವನ್ನೇ ತುಂಬಿದೆ. ಪಕ್ಕದಲ್ಲಿ ‘ತ್ರಿಕೋನ, ಸೊನ್ನೆ’ ಜೋಡಿ ಬರೆದು ಹುಡುಕಲು ಹೇಳಿದೆ. ಅಷ್ಟೇ ವೇಗದಲ್ಲಿ ಹುಡುಕಿಕೊಟ್ಟ, ಅಷ್ಟೇ ಖುಷಿಯಲ್ಲಿ. ತಾಯಿ ಮೇಜಿನ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅವರ ಮುಖ ಬದಲಾದದ್ದು ಆಗ. ವರ್ಷವಿಡೀ ಹುಡುಗ ಮಾಡಿದ್ದು ಆಕಾರಕ್ಕೆ ಆಕಾರ ಹೊಂದಿಸುವ ಕೆಲಸ. ಅದರಲ್ಲಿ ಓದು ಬರಲೇ ಇಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ.

ಇನ್ನೊಂದನ್ನು ನೋಡಬೇಕಿತ್ತು. “ಕಿಟಕಿ ಅನ್ನೋ ಪದದಲ್ಲಿ ಎಷ್ಟು ತುಂಡು ಇದೆ, ಪುಟ್ಟ?”

ತಲೆಯೆತ್ತಿ ಕೋಣೆಯ ಕಿಟಕಿಯನ್ನು ದಿಟ್ಟಿಸಿ, ಬೆರಳು ಮಡಚಿ ಎಣಿಸಿ, “ನಾಲ್ಕು” ಎಂದ. ಅದರಲ್ಲಿ ನಾಲ್ಕು ಗಾಜಿದ್ದವು.

ತಾಯಿ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಆ ಉತ್ತರದಿಂದ ದಾರಿ ಕಂಡಿತು. ಚಿಕ್ಕ ಮಕ್ಕಳಿಗೆ ಪದ ಎಂದರೆ ಅದು ಹೆಸರಿಸುವ ವಸ್ತು. ವಸ್ತುವನ್ನು ಪಕ್ಕಕ್ಕಿಟ್ಟು ಬರೀ ಸದ್ದನ್ನು ಕೇಳಿಸಿಕೊಳ್ಳುವುದು, ಕಿ, ಟ, ಕಿ ಎಂದು ಬಿಡಿಸುವುದು, ಮತ್ತೆ ಕೂಡಿಸುವುದು ಬೇರೆಯದೇ ಕಸುಬು. ಅದು ಕಿವಿಗೆ ಒಗ್ಗುವ ಮುನ್ನ ಕಣ್ಣಿನ ಮುಂದೆ ಎಷ್ಟು ಅಕ್ಷರ ಸುರಿದರೂ ಅವು ಗೀಟುಗಳೇ.

ಪದಗಳ ಆಟದ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಪದಬಂಧ ತುಂಬುವವಳೇ. ಆದರೆ ಅದು ಯಾರಿಗಾಗಿ ಹುಟ್ಟಿತು ಎಂಬುದನ್ನು ಮರೆಯುತ್ತೇವೆ. 1913ರ ಡಿಸೆಂಬರಿನಲ್ಲಿ ಆರ್ಥರ್ ವಿನ್ ಎಂಬವರು ನ್ಯೂಯಾರ್ಕಿನ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಮೊದಲ ಪದಬಂಧ ಕಟ್ಟಿದ್ದು ಓದು ಕರಗತವಾದ ದೊಡ್ಡವರ ಹೊತ್ತು ಕಳೆಯಲಿಕ್ಕೆ. ಅದನ್ನೇ ಕುಗ್ಗಿಸಿ, ಪಕ್ಕದಲ್ಲಿ ಆನೆ-ಮೊಲದ ಚಿತ್ರ ಅಂಟಿಸಿದ ಮಾತ್ರಕ್ಕೆ ಅದು ಓದು ಕಲಿಸುವ ಸಾಧನ ಆಗಿಬಿಡುವುದಿಲ್ಲ. ಪದ ಹುಡುಕುವ ಚೌಕಗಳಲ್ಲಿ ಪದಗಳನ್ನು ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ, ಓರೆಯಾಗಿ ಬಚ್ಚಿಟ್ಟಿರುತ್ತಾರೆ. ಎಡದಿಂದ ಬಲಕ್ಕೆ ಓದಬೇಕೆಂಬುದನ್ನೇ ಇನ್ನೂ ಗಟ್ಟಿ ಮಾಡಿಕೊಳ್ಳುತ್ತಿರುವ ಮಗುವಿಗೆ ಇದೆಂಥ ಉಪಕಾರ! ಆ ತಾಯಿ ತಂದಿದ್ದ ಪುಸ್ತಕವೊಂದರಲ್ಲಿ ಇನ್ನೂ ವಿಚಿತ್ರ ಕಂಡಿತು. ಬೇರೆ ಲಿಪಿಗೆ ಮಾಡಿದ ಯಾವುದೋ ತಂತ್ರಾಂಶದಲ್ಲಿ ಕನ್ನಡ ತುಂಬಿಸಿ ಮುದ್ರಿಸಿದ್ದರು. ಒಂದು ಮನೆಯಲ್ಲಿ ‘ಕ’, ಪಕ್ಕದ ಮನೆಯಲ್ಲಿ ಚುಕ್ಕಿಗಳ ಸೊನ್ನೆಗೆ ಜೋತುಬಿದ್ದ ಒಂಟಿ ಗುಡಿಸು. ‘ಕಿ’ ಎಂಬ ಅಕ್ಷರ ಎರಡು ಮನೆಗೆ ಹರಿದು ಹಂಚಿಹೋಗಿತ್ತು. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಅದರ ಗುಣಿತ, ಒತ್ತು ಸಮೇತ ಬರಬೇಕು. ಅಷ್ಟನ್ನೂ ನೋಡದ ಪುಸ್ತಕವನ್ನು ಮಗುವಿನ ಕೈಗೆ ಕೊಡಬೇಡಿ.

ಎರಡನೇ ಭೇಟಿಗೆ ತಾಯಿ ಒಬ್ಬರನ್ನೇ ಕರೆದೆ. ಕಿವಿ, ಕಣ್ಣು ಎರಡನ್ನೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದಿದ್ದೆ, ಎರಡೂ ಸರಿಯಿದ್ದವು. ಮಾತು ಅಲ್ಲಿಂದ ಇಲ್ಲಿಂದ ಹೊರಳಿ ಕೊನೆಗೆ ಅವರ ಬಾಲ್ಯಕ್ಕೆ ಬಂತು. ನಾಲ್ಕನೇ ತರಗತಿಯಲ್ಲಿ ಪಾಠ ಓದಲು ತಡವರಿಸಿದ್ದಕ್ಕೆ ಅವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. “ಇವತ್ತಿಗೂ ಗಟ್ಟಿಯಾಗಿ ಓದು ಅಂದ್ರೆ ಕೈ ನಡುಗುತ್ತೆ ಮೇಡಂ. ಇವನಿಗೆ ಹಾಗಾಗಬಾರದು ಅಂತ...” ಎಂದು ನಿಲ್ಲಿಸಿದರು. ಆಮೇಲೆ ತಾವಾಗಿಯೇ ಹೇಳಿಕೊಂಡರು: ಮಗ ಒಂದು ಪುಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆಂದು ದಿನಾ ಮೊಬೈಲಿನಲ್ಲಿ ಸಮಯ ಹಿಡಿಯುತ್ತಿದ್ದರು. ಗಂಡ ಸಂಜೆ ಬಂದು “ನೀನು ಮನೇಲೇ ಇರ್ತೀಯಲ್ಲ” ಎನ್ನುವ ಒಂದೇ ಮಾತು ರಾತ್ರಿಯಿಡೀ ಕೊರೆಯುತ್ತಿತ್ತು.

ಆ ಹೊತ್ತು ಸಲಹೆ ಕೊಡುವ ಹೊತ್ತಲ್ಲ. ಸುಮ್ಮನೆ ಕೇಳಿಸಿಕೊಂಡೆ. ಆದರೆ ಟಿಪ್ಪಣಿಯಲ್ಲಿ ಒಂದನ್ನು ಬರೆದುಕೊಂಡೆ: ಓದಿನ ತೊಡಕು ಮನೆತನದಲ್ಲಿ ಬರುವುದುಂಟು, ಆದ್ದರಿಂದ ಹುಡುಗನ ಮೇಲೆ ಒಂದು ಕಣ್ಣಿರಬೇಕು. ಐದೂವರೆಗೆ ಹಣೆಪಟ್ಟಿ ಹಚ್ಚುವ ಮಾತಂತೂ ಇಲ್ಲ. ಇದನ್ನು ತಾಯಿಗೂ ಮುಚ್ಚಿಡಲಿಲ್ಲ, ಹೆದರಿಸಲೂ ಇಲ್ಲ.

ಅವರಿಗೆ ಸಮಾಧಾನ ತಂದದ್ದು ಒಂದು ಲೆಕ್ಕ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಇಷ್ಟಕ್ಕೇ ನಾನೂರಕ್ಕೂ ಹೆಚ್ಚು ಅಕ್ಷರರೂಪಗಳಾದವು. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಕ್ಷರಗಳ ಈ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿದ್ದಾರೆ. “ಹಾಗಾದ್ರೆ ತಡ ಆಗಿಲ್ಲ?” ಎಂದರು. ಆಗಿಲ್ಲ ಎಂದೆ. ಚಿಕ್ಕಪ್ಪನ ಮಗಳು ಬೋರ್ಡು ಓದುವ ವಿಷಯವನ್ನೂ ಕೇಳಿದರು. ಪರಿಚಿತ ಬೋರ್ಡನ್ನು ಬಣ್ಣ-ಆಕಾರದಿಂದಲೇ ಗುರುತಿಸುವ ಮಕ್ಕಳು ಬೇಕಾದಷ್ಟಿದ್ದಾರೆ. ಆ ಹುಡುಗಿ ಹೇಗೋ ನನಗೆ ಗೊತ್ತಿಲ್ಲ, ನಮಗದು ಬೇಕಾಗಿಯೂ ಇಲ್ಲ.

ಸಲಹೆ ಶುರುವಾದದ್ದು ಚೀಲದಿಂದ. ಮೂರು ವಾರ ಅದು ಅಟ್ಟದ ಮೇಲಿರಲಿ, ಸಮಯ ಹಿಡಿಯುವುದು ನಿಲ್ಲಲಿ. ದಿನಕ್ಕೆ ಹತ್ತು ನಿಮಿಷ, ಅದೂ ಬರೀ ಕಿವಿಯ ಆಟ. ‘ಸಾಕು’ ಎನ್ನುವ ಅಧಿಕಾರ ಪುಟ್ಟನದು. ದೊಡ್ಡ ತುಂಡುಗಳಿಂದ ಆರಂಭಿಸಿ ಎಂದೆ. ‘ಕಾಲುಚೀಲ’ದಲ್ಲಿ ‘ಕಾಲು’ ತೆಗೆದರೆ ಏನು ಉಳಿಯಿತು? ‘ತಲೆದಿಂಬು’ವಿನಲ್ಲಿ ‘ತಲೆ’ ಹೋದರೆ? ಇದು ಸಲೀಸಾದ ಮೇಲೆ ಅಕ್ಷರಕ್ಕೆ ಇಳಿಯುವುದು. ‘ಮಳೆ’ಯ ಮ ಕಿತ್ತು ಬ ಇಟ್ಟರೆ? ಹೊ ಇಟ್ಟರೆ? ಒಬ್ಬರು ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಹೇಳುವ ಆಟ ಆಮೇಲೆ. ನಡುವೆ ಒಗಟು ಎಷ್ಟು ಬೇಕಾದರೂ.

ಕಿವಿಗೂ ಕಾಗದಕ್ಕೂ ನಡುವೆ ಒಂದು ಸೇತುವೆ ಬೇಕು. ಅದನ್ನು ಎರವಲು ಪಡೆದದ್ದು ಸೋವಿಯತ್ ಮನಶ್ಶಾಸ್ತ್ರಜ್ಞ ದನೀಲ್ ಎಲ್ಕೋನಿನ್ ಅವರಿಂದ. ಒಂದು ಚಿತ್ರ, ಅದರ ಕೆಳಗೆ ಪದದಲ್ಲಿರುವ ಧ್ವನಿಗಳಷ್ಟು ಖಾಲಿ ಮನೆ. ಮಗು ನಿಧಾನವಾಗಿ ಪದ ಹೇಳುತ್ತ ಒಂದೊಂದು ಧ್ವನಿಗೆ ಒಂದೊಂದು ಬಿಲ್ಲೆಯನ್ನು ಮನೆಯೊಳಗೆ ತಳ್ಳುತ್ತದೆ. ಅವರದು ಬಿಡಿ ಧ್ವನಿಗಳ ಲೆಕ್ಕ. ನಾನು ಮೊದಲಿಗೆ ಅಕ್ಷರಕ್ಕೊಂದು ಮನೆ ಮಾಡುತ್ತೇನೆ, ಕನ್ನಡದ ಕಿವಿಗೆ ಅದೇ ಸಹಜ. ‘ಕಿ’ಯನ್ನು ಕ್ ಮತ್ತು ಇ ಎಂದು ಒಡೆಯುವುದು ಕಾಗುಣಿತ ಬಂದಾಗ ನೋಡಿಕೊಳ್ಳೋಣ. ಅಂಗಿಯ ಗುಂಡಿಗಳೇ ಬಿಲ್ಲೆಯಾದವು. ಬಿಲ್ಲೆ ತಳ್ಳುವುದು ಸಲೀಸಾದ ಮೇಲೆ ಅದೇ ಗುಂಡಿಗಳ ಜಾಗಕ್ಕೆ ಅಕ್ಷರದ ಚೀಟಿಗಳು ಬರುತ್ತವೆ. ಅವೂ 49 ಅಲ್ಲ, ಕೆಲವೇ ಕೆಲವು. ಅನೇಕ ಶಿಕ್ಷಕರು ‘ರ ಗ ಸ ದ ಅ’ ಎಂದು ಆರಂಭಿಸುವುದರ ಜಾಣ್ಮೆ ಇಲ್ಲೇ ಇದೆ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ ಎಂದು ಪದ ಕಟ್ಟತೊಡಗಬಹುದು. ಮ-ಯ, ಪ-ಷ, ದ-ಧದಂಥ ಜೋಡಿಗಳನ್ನು ಒಟ್ಟಿಗೆ ತರಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಯಾವ ಆಟ ಕೊಡಬಹುದು, ಯಾವುದು ಬೇಡ ಎಂದು ಕೇಳಿದರು. ಒಂದೇ ಪ್ರಶ್ನೆ ಹೇಳಿಕೊಟ್ಟೆ: ಇದನ್ನು ಓದದೆಯೇ ಬಿಡಿಸಬಹುದಾ? ಬಿಡಿಸಬಹುದಾದರೆ ಅದು ಕಣ್ಣಿನ ಆಟ. ತಪ್ಪೇನಿಲ್ಲ, ಆದರೆ ಅದನ್ನು ಓದಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಓದದೆ ಬಿಡಿಸಲಾಗದ್ದೆಂದರೆ, ಒಂದು ಗುಂಡಿಯನ್ನು ಎಲ್ಲೋ ಬಚ್ಚಿಟ್ಟು ಚೀಟಿಯಲ್ಲಿ ಜಾಗದ ಹೆಸರು ಬರೆಯುವುದು. ಅಥವಾ ಅಕ್ಷರ ಬದಲಿಸುತ್ತ ಸಾಗುವ ಪದದ ಮೆಟ್ಟಿಲು: ಮರ, ಮರಿ, ಮರೆ, ಮನೆ, ಮಳೆ, ಎಳೆ, ಎಲೆ. ಮರದಿಂದ ಎಲೆಗೆ ಆರು ಹೆಜ್ಜೆ, ಒಂದೊಂದು ಹೆಜ್ಜೆಗೂ ಹಿಂದಿನ ಪದವನ್ನು ಓದಲೇಬೇಕು. (ಇದಕ್ಕಿಂತ ಹತ್ತಿರದ ದಾರಿಯೂ ಇದೆ, ಹುಡುಕಿ ನೋಡಿ.)

ಮೂರು ವಾರದ ನಂತರ ಬಂದಾಗ ತಾಯಿಯ ಮುಖ ಬಾಡಿತ್ತು. ಪುಟ್ಟ ಈಗ ಕಿವಿಯ ಆಟಕ್ಕೂ ಮಂಚದ ಕೆಳಗೆ ಹೋಗುತ್ತಿದ್ದ. ವಿಚಾರಿಸಿದರೆ, ಹತ್ತು ನಿಮಿಷ ಇಪ್ಪತ್ತೈದಾಗಿತ್ತು, ಊಟಕ್ಕೆ ಕೂತಾಗ ಅಪ್ಪನ ಮುಂದೆ ‘ಎಷ್ಟು ತುಂಡು ಹೇಳು’ ಎಂಬ ಪರೀಕ್ಷೆ ನಡೆಯುತ್ತಿತ್ತು. ಒಂಬತ್ತು ವರ್ಷದ ಅಕ್ಕ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒದರುತ್ತಿದ್ದಳು. ನನ್ನ ತಪ್ಪೂ ಇತ್ತು. ಬಳೆ-ಬಾಳೆಯಂಥ ಹ್ರಸ್ವ-ದೀರ್ಘದ ಜೋಡಿಗಳನ್ನು ಅವಸರದಲ್ಲಿ ಸೇರಿಸಿ ಕೊಟ್ಟಿದ್ದೆ. ಅಕ್ಷರದ ಲೆಕ್ಕವೇ ಕೂಡದ ಹುಡುಗನಿಗೆ ಅದು ಭಾರವಾಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ.

ಅಕ್ಕನನ್ನು ಬೈದು ದೂರ ಇಡುವ ಬದಲು ಅವಳಿಗೊಂದು ಕೆಲಸ ಹಚ್ಚಿದೆವು. ಅವಳು ಬೇಕೆಂದೇ ತಪ್ಪು ಹೇಳಬೇಕು, ತಮ್ಮ ತಿದ್ದಬೇಕು. “ಕಾಲುಚೀಲದಲ್ಲಿ ಕಾಲು ತೆಗೆದರೆ ದಿಂಬು!” ಎಂದು ಅವಳು ಗಂಭೀರವಾಗಿ ಹೇಳಿದರೆ ಪುಟ್ಟ ಬಿದ್ದು ಬಿದ್ದು ನಗುತ್ತಿದ್ದನಂತೆ. ಊಟದ ಹೊತ್ತಿನ ಪರೀಕ್ಷೆ ನಿಲ್ಲಿಸಲು ತಂದೆಯನ್ನೂ ಒಮ್ಮೆ ಕರೆದು ಮಾತಾಡಿದೆ. ಅವರು ಹೆಚ್ಚು ಮಾತಾಡಲಿಲ್ಲ, ಆದರೆ ಬಚ್ಚಿಟ್ಟ ಗುಂಡಿಯ ಚೀಟಿ ಬರೆಯುವ ಕೆಲಸ ತಮ್ಮದೆಂದು ಒಪ್ಪಿಕೊಂಡರು.

ನಾಲ್ಕನೇ ತಿಂಗಳಿಗೆ ಪುಟ್ಟ ಎರಡು-ಮೂರು ಅಕ್ಷರದ ಸರಳ ಪದಗಳನ್ನು ಬೆರಳಿಟ್ಟು ಓದುತ್ತಿದ್ದ. ಕಾಗುಣಿತದಲ್ಲಿ ಕೊಂಬು, ಎತ್ವ ಇನ್ನೂ ಕೈಕೊಡುತ್ತಿದ್ದವು, ಒತ್ತಕ್ಷರದ ಮಾತಿರಲಿ. ಒಂದು ದಿನ ಗುಂಡಿಗಳ ಜಾಗಕ್ಕೆ ಚೀಟಿ ಇಡುವಾಗ ‘ಚಮಚ’ವನ್ನು ಆ ಕಡೆಯಿಂದ ಓದಿದರೂ ಚಮಚ ಎಂಬುದನ್ನು ತಾನೇ ಕಂಡುಹಿಡಿದು, ಮನೆಯವರೆಲ್ಲರ ಬಾಯಲ್ಲೂ ಓದಿಸಿದನಂತೆ. ನಾನು ಹಿಂದುಮುಂದಾದ ಪದ ಬೇಡ ಎಂದಿದ್ದನ್ನು ತಾಯಿ ನೆನಪಿಸಿದರು. ಅವನೇ ಕಂಡುಕೊಂಡದ್ದಕ್ಕೆ ಆ ಮಾತು ಅನ್ವಯಿಸುವುದಿಲ್ಲ ಎಂದೆ.

ಆ ಭೇಟಿಗೆ ಅವನೇ ಒಂದು ಹಾಳೆ ತಂದಿದ್ದ. ಮೂರು ಮನೆ. ಮೊದಲನೆಯದರಲ್ಲಿ ಕಿ, ಕೊನೆಯದರಲ್ಲಿ ಕಿ, ನಡುವೆ ಖಾಲಿ. “ನೀವು ತುಂಬಿ.” ಟ ಬರೆದೆ. “ಎಷ್ಟು ತುಂಡು?” ಎಂದು ಕೇಳಿದ. ನಾನು ಕಿಟಕಿ ಕಡೆ ನೋಡಿ ಬೆರಳು ಮಡಚಿ “ನಾಲ್ಕು” ಎಂದೆ.

“ಗಾಜು ಎಣಿಸ್ಬಾರ್ದು ಮೇಡಂ!” ಎಂದು ಕಿರುಚಿದ.

ಚೀಲ ಅಟ್ಟದಿಂದ ಇಳಿಸಬಹುದಾ ಎಂದು ತಾಯಿ ಹೊರಡುವಾಗ ಕೇಳಿದರು. ಬಿಟ್ಟ ಅಕ್ಷರ ತುಂಬುವ ಪುಸ್ತಕ ಇಳಿಸಿ, ಪದ ಹುಡುಕುವುದನ್ನು ಕೊಟ್ಟರೆ ಸಿಕ್ಕ ಪ್ರತಿ ಪದಕ್ಕೂ ಪಕ್ಕದಲ್ಲಿ ಚಿತ್ರ ಬರೆಯಲಿ, ಒಡೆದ ಅಕ್ಷರಗಳ ಪುಸ್ತಕ ರದ್ದಿಗೆ ಹೋಗಲಿ ಎಂದೆ. ಆರೂವರೆಯಾದಾಗ ಇನ್ನೊಮ್ಮೆ ನೋಡಬೇಕು. ಆಗಲೂ ಸರಳ ಪದಗಳಲ್ಲೇ ಎಡವುತ್ತಿದ್ದರೆ ಓದಿನ ವಿವರವಾದ ಪರೀಕ್ಷೆ ಮಾಡಿಸೋಣ ಎಂದು ಮಾತಾಗಿದೆ. ಮಂಚದ ಕೆಳಗೆ ಈಗಲೂ ಹೋಗುತ್ತಾನಂತೆ, ಅಪ್ಪನಿಗೆ ಸಿಗದ ಹಾಗೆ ಗುಂಡಿ ಬಚ್ಚಿಡಲು.