ಓದುಗರ ಪ್ರಶ್ನೆ: ಅರ್ಮೇನಿಯದ ಗುರುಗಳಿಗೆ ಪ್ರಸಂಗದ ತರಬೇತಿ

ಪ್ರಶ್ನೆ: ದೇವಶಾಸ್ತ್ರ ಕಾಲೇಜಿನಲ್ಲಿ ಪ್ರಸಂಗಕಲೆ, ಅಂದರೆ ಚರ್ಚಿನಲ್ಲಿ ಉಪದೇಶ ಮಾಡುವ ಕಲೆ, ಕಲಿಸುತ್ತೇನೆ. ಅರ್ಮೇನಿಯದ ಅಪೊಸ್ತಲಿಕ ಸಭೆಯ ಗುರುಗಳಿಗೆ ಮೂರು ದಿನದ ತರಬೇತಿ ನಡೆಸಿಕೊಡಬೇಕಿದೆ. ಇಲ್ಲಿನ ಪಾಠಗಳನ್ನೇ ದುಭಾಷಿಯ ಮೂಲಕ ಹೇಳಿದರೆ ಸಾಕೇ?
ಓದುಗರು, ಬೆಂಗಳೂರು

ಉತ್ತರ: ಸಾಲದು. ಅಲ್ಲಿ ಪತರಾಗ್, ಅಂದರೆ ಬಲಿಪೂಜೆ, ನಡೆಯುವುದು ಗ್ರಬಾರ್ ಎಂಬ ಹಳೆಯ ಅರ್ಮೇನಿಯನ್‌ನಲ್ಲಿ. ಜನ ಆಡುವುದು ಇಂದಿನ ಪೂರ್ವ ಅರ್ಮೇನಿಯನ್. ಪೂಜೆಯುದ್ದಕ್ಕೂ ಗ್ರಬಾರ್‌ನಲ್ಲಿ ಹಾಡಿದ ಗುರುವಿಗೆ ಪ್ರಸಂಗದಲ್ಲೂ ಅದೇ ಪದ, ಅದೇ ಏರಿಳಿತ ಬಂದುಬಿಡುತ್ತದೆ. ಕೇಳುವವರಲ್ಲಿ ಎಷ್ಟೋ ಮಂದಿ ಸೋವಿಯತ್ ಕಾಲದ ಮನೆಗಳಲ್ಲಿ ಬೆಳೆದವರು. ಬೈಬಲಿನ ಕಥೆ ಅವರಿಗೆ ಗೊತ್ತೇ ಇದೆ ಎಂದುಕೊಳ್ಳಬಾರದು.

ಆದ್ದರಿಂದ ಮೊದಲು ಬರೆಸಬೇಡಿ, ಬಾಯಲ್ಲಿ ಹೇಳಿಸಿ. ಅಂದಿನ ಬೈಬಲ್ ಪಾಠವನ್ನು ಪಕ್ಕದ ಮನೆಯವರಿಗೆ ವಿವರಿಸುವಂತೆ ಐದು ನಿಮಿಷ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಆಗಲಿ. ಅದನ್ನು ಕೇಳಿಸಿಕೊಂಡೇ ಬರೆಯಲಿ. ಒಟ್ಟು 10ರಿಂದ 12 ನಿಮಿಷ ಸಾಕು. ಜನ ಮೇಣದಬತ್ತಿ ಹಚ್ಚಲು ನಡುವೆ ಬಂದುಹೋಗುತ್ತಿರುತ್ತಾರೆ. ಮುಖ್ಯ ಮಾತು ಮೂರು ಸಲವಾದರೂ ಮರಳಿ ಬರಬೇಕು.

ಅಭ್ಯಾಸಕ್ಕೆ ಅವರ ಪಂಚಾಂಗದ್ದೇ ಪಾಠ ಹಿಡಿಯಿರಿ. ಮಹಾ ಉಪವಾಸ ಕಾಲದ ಭಾನುವಾರಗಳಲ್ಲಿ ಯೇಸು ಹೇಳಿದ ಸಾಮ್ಯಕಥೆಗಳ ದುಂದುಗಾರ ಮಗ, ಮನೆವಾರ್ತೆಯವ, ನ್ಯಾಯಾಧಿಪತಿ ಸಾಲಾಗಿ ಬರುತ್ತಾರೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ವಿಧವೆಯೊಬ್ಬಳು ಮತ್ತೆ ಮತ್ತೆ ಬೇಡಿಕೊಳ್ಳುವ ಅನ್ಯಾಯಗಾರ ನ್ಯಾಯಾಧಿಪತಿಯಲ್ಲಿ ಎಡವುವವರು ಹೆಚ್ಚು: ಬೇಡಿ ಬೇಡಿ ಬೇಸರ ಹಿಡಿಸಿದರೆ ದೇವರು ಕೊಡುತ್ತಾನೆ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಅನ್ಯಾಯಗಾರನೇ ವಿಧವೆಗೆ ಕಿವಿಗೊಟ್ಟ ಮೇಲೆ ದೇವರು ಕಿವಿಗೊಡದೆ ಇರುತ್ತಾನೆಯೇ ಎಂಬುದಲ್ಲವೇ ಸಾಮ್ಯದ ತಿರುಳು? ಆ ತಿರುಳನ್ನು ಪ್ರತಿಯೊಬ್ಬರೂ ಒಂದೇ ವಾಕ್ಯದಲ್ಲಿ ಹೇಳುವ ತನಕ ಮುಂದೆ ಹೋಗಬೇಡಿ.

ವಿಮರ್ಶೆಗೆ ನಾಲ್ಕೈದು ಜನರ ಗುಂಪು. ವಾರ್ದಪೆತ್, ಅಂದರೆ ವಿದ್ವಾಂಸ ಗುರು, ಪದವಿಯ ಹಿರಿಯರನ್ನು ಕಿರಿಯರ ಎದುರು ತಿದ್ದಿದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಾರೆ, ಹಿರಿಯರ ಗುಂಪು ಬೇರೆಯೇ ಇರಲಿ. ಕೇಳುವುದು ಎರಡೇ: ‘ನಿಮಗೆ ಕೇಳಿಸಿದ್ದೇನು?’, ‘ಎಲ್ಲಿ ಗಮನ ತಪ್ಪಿತು?’ ಸಭೆಯ ಒಬ್ಬಿಬ್ಬರು ಗೃಹಸ್ಥರನ್ನೂ ಕೂರಿಸಿ, ಅವರ ಉತ್ತರಕ್ಕೇ ಹೆಚ್ಚು ಬೆಲೆ.

ದುಭಾಷಿ ಇದ್ದರೆ 90 ನಿಮಿಷದ ತರಗತಿಯಲ್ಲಿ ನಿಮಗೆ ಸಿಗುವುದು 45. ಗುರುಗಳಲ್ಲಿ ಲೆಬನಾನಿನ ಬೈರೂತಿನಂಥ ಕಡೆಯವರಿದ್ದರೆ ಅವರು ಆಡುವುದು ಪಶ್ಚಿಮ ಅರ್ಮೇನಿಯನ್, ದುಭಾಷಿಯನ್ನು ಗೊತ್ತುಮಾಡುವಾಗಲೇ ವಿಚಾರಿಸಿ. ಭಾಷೆಯ ಹದ ತೀರ್ಮಾನಿಸುವುದನ್ನು ಅಲ್ಲಿನವರೊಬ್ಬರಿಗೆ ಬಿಟ್ಟುಕೊಡಿ. ಅದು ನಮ್ಮ ಕೈಯಲ್ಲಾಗದ ಕೆಲಸ.

ಪ್ರಶ್ನೆ: ಕಲ್ಲಿನ ಗುಮ್ಮಟದ ಚರ್ಚಿನಲ್ಲಿ ಸೌಂಡ್ ಜಾಸ್ತಿ ಮಾಡಿದಷ್ಟೂ ಮಾತು ಕಲಸಿಹೋಗುತ್ತದಲ್ಲ?

ಉತ್ತರ: ಸೌಂಡ್ ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಮುಂದೆ ಒಂದು ದೊಡ್ಡ ಸ್ಪೀಕರ್ ಇಡುವ ಬದಲು ಜನರ ಹತ್ತಿರ ಸಣ್ಣವನ್ನು ಇಟ್ಟು, ಮೆಲ್ಲಗಿನ ಮಟ್ಟದಲ್ಲಿ ಓಡಿಸಿ. ಮೈಕ್ ಬಾಯಿಯಿಂದ ಒಂದು ಗೇಣಿಗಿಂತ ದೂರ ಹೋಗಬಾರದು. ವಾಕ್ಯ ಚಿಕ್ಕದಿರಲಿ, ಕೊನೆಯ ಪದದ ಗುಂಗು ಅಡಗಿದ ಮೇಲೆಯೇ ಮುಂದಿನದು.