ಗ್ಯಾರೇಜ್ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ರ 1994ರ ಕಾಂಟೆಸ್ಸಾ ಕ್ಲಾಸಿಕ್ ಇದೆ, ಇಸುಝು 1.8 ಎಂಜಿನ್. ಎರಡು ವರ್ಷದ ಹಿಂದೆ ಎಂಜಿನ್ ಹೊಗೆ ಹೊರಗೆ ಸಾಗಿಸೋ ಹಳೇ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ತೆಗೆದು, ಅದರ ಜಾಗಕ್ಕೆ ನಾಲ್ಕು ಪೈಪಿನ ಮೈಲ್ಡ್ ಸ್ಟೀಲ್ ಹೆಡರ್ ಮಾಡ್ಸಿ ಹಾಕ್ಸಿದೆ. ಮನೆಯಿಂದ ಸಮುದ್ರ ಒಂದು ಕಿಲೋಮೀಟರೂ ಇಲ್ಲ, ಮೊದಲ ಮಳೆಗಾಲಕ್ಕೇ ಪೂರ್ತಿ ಕೆಂಪಗಾಯ್ತು. ಸಿಲ್ವರ್ ಪೇಂಟ್ ಹೊಡೆದೆ, ಎರಡು ವಾರಕ್ಕೆ ಸುಟ್ಟು ಉದುರಿತು. ಡೀಟೇಲಿಂಗ್ ಅಂಗಡಿಯವ್ರು ಸಿರಾಮಿಕ್ ಕೋಟಿಂಗ್ ಮಾಡ್ಕೊಡ್ತೀವಿ ಅಂತಿದಾರೆ. ಮಾಡ್ಸ್ಲಾ, ಇಲ್ಲ ಬಿಸಿ ತಡೆಯೋ ಹೀಟ್ ರ‍್ಯಾಪ್ ಪಟ್ಟಿ ಸುತ್ತಿ ಬಿಡ್ಲಾ?
— ಓದುಗರು, ಕುಂದಾಪುರ

ಉತ್ತರ: ಮೊದಲು ಆ ಡೀಟೇಲಿಂಗ್ ಅಂಗಡಿಗೆ ಫೋನ್ ಮಾಡಿ ಬೇಡ ಅನ್ನಿ. ಅವ್ರು ಮಾಡೋ ಸಿರಾಮಿಕ್ ಬಾಡಿ ಪೇಂಟಿನ ಮೇಲೆ ಬಟ್ಟೇಲಿ ಒರೆಸೋ ದ್ರವ, ನಿಮಗೆ ಬೇಕಿರೋದು ಸ್ಪ್ರೇ ಗನ್ನಲ್ಲಿ ಹೊಡೆದು ಕಾಯ್ಸಿ ಗಟ್ಟಿ ಮಾಡೋ ಹೈ ಟೆಂಪರೇಚರ್ ಕೋಟಿಂಗ್, ಹೆಸರೊಂದೇ ಒಂದು, ಸಾಮಾನೇ ಬೇರೆ. ಘಾಟಿ ಹತ್ತುವಾಗ ಎಂಜಿನ್ ಹೆಡ್ಡಿಂದ ಹೊರಬರೋ ಹೊಗೆ 700 ಡಿಗ್ರಿ ಸೆಲ್ಸಿಯಸ್ ಹತ್ರ ಇರತ್ತೆ, ಅಲ್ಲಿ ಶೈನಿಂಗ್ ಲಿಕ್ವಿಡ್ ಏನು ಮಾಡತ್ತೆ ಹೇಳಿ. ನಾನೂ ಒಂದ್ಸಲ ಬೇಸ್ತು ಬಿದ್ದಿದ್ದೀನಿ, ಸಿರಾಮಿಕ್ ಅಂತ ಹೇಳಿ ದುಡ್ಡು ತಗೊಂಡವ್ರು ಪೌಡರ್ ಕೋಟಿಂಗ್ ಹೊಡೆದು ಕೊಟ್ಟಿದ್ರು, ಅದನ್ನ ಬೇಯಿಸೋದೇ 180–200 ಡಿಗ್ರಿಲಿ, ಮೊದಲ ಘಾಟಿಗೇ ಬಾನೆಟ್ಟಿಂದ ಹೊಗೆ, ಮನೆಗೆ ಬಂದು ನೋಡಿದ್ರೆ ಕೋಟಿಂಗ್ ಹಪ್ಪಳದ ತರ ಗುಳ್ಳೆ ಎದ್ದಿತ್ತು. ಆದ್ರಿಂದ ಕೊಡೋ ಮುಂಚೆ ಎರಡೇ ಪ್ರಶ್ನೆ ಕೇಳಿ: ಎಷ್ಟು ಡಿಗ್ರಿ ತಡ್ಕೊಳತ್ತೆ, ಪೈಪಿನ ಒಳಗೂ ಹೊಡೀತೀರಾ.

ಈ ಎರಡನೇದೇ ಮುಖ್ಯ. ಎಲ್ರೂ ಹೊರಗಿನ ಕೆಂಪು ನೋಡಿ ಗಾಬರಿ ಆಗ್ತಾರೆ, ಉಪ್ಪು ಗಾಳಿನ ಬೈತಾರೆ, ಅದೂ ಸರಿನೇ, ಆದ್ರೆ ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟತ್ತೆ. ಬಿಸಿ ಇದ್ದಾಗ ಆವಿಯಾಗಿ ಹೋಗತ್ತೆ, ಪೇಟೆಗೆ ಹೋಗಿ ಹಾಲು ತಂದು ಹತ್ತು ನಿಮಿಷಕ್ಕೆ ಗಾಡಿ ನಿಲ್ಸಿದ್ರೆ ಮಾತ್ರ ಅದು ಪೈಪಿನ ಒಳಗೇ ಬೆವರಿ ಕೂತ್ಕೊಳತ್ತೆ. ಹೊರಗೆ ಮಾತ್ರ ಕೋಟಿಂಗ್ ಮಾಡ್ಸಿದ್ರೆ ಮೇಲೆ ಚೆನ್ನಾಗೇ ಕಾಣ್ತಾ ಇರತ್ತೆ, ಒಳಗಿಂದ ಒಂದಿನ ತೂತು ಬೀಳತ್ತೆ.

ಈಗ ಹೆಡರ್ ಬಿಚ್ಚಿ. ಅದನ್ನ ಹೆಡ್ಡಿಗೆ ಹಿಡಿದಿಡೋ ಸ್ಟಡ್‌ಗೆ ಹಿಂದಿನ ದಿನ ರಾತ್ರಿನೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ, ಇಲ್ಲಾಂದ್ರೆ ಹೆಡ್ಡಲ್ಲೇ ಮುರಿದು ಅದೊಂದು ಬೇರೆ ಕಥೆ ಶುರುವಾಗತ್ತೆ. ಬೆಂಡುಗಳ ಹೊರ ಮೈಮೇಲೆ ಸಣ್ಣ ಸುತ್ತಿಗೇಲಿ ತಟ್ಟುತ್ತಾ ಹೋಗಿ, ಟಣ್ ಅಂತ ಕೇಳಿದ್ರೆ ಗಟ್ಟಿ, ಮಂಕಾಗಿ ಕೇಳಿದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೋದ್ರೆ ಕೋಟಿಂಗ್ ಮಾತೇ ಬೇಡ, ಆ ಪೈಪ್ ಬದಲಾಯ್ಸಿ. ವೆಲ್ಡಿಂಗ್, ಹೆಡ್ಡಿಗೆ ಕೂರೋ ಫ್ಲಾಂಜ್ ಫೇಸ್ ಸಮ ಮಾಡೋದು ಎಲ್ಲಾ ಈಗ್ಲೇ ಮುಗಿಸ್ಬೇಕು, ಆಮೇಲೆ ಗ್ರೈಂಡರ್ ಇಟ್ರೆ ಕೋಟಿಂಗೂ ಹೋಯ್ತು.

ಕೋಟಿಂಗ್ ಬಾಳಿಕೆ ನಿರ್ಧಾರ ಆಗೋದು ಡಬ್ಬದಲ್ಲಲ್ಲ, ಬ್ಲಾಸ್ಟಿಂಗಲ್ಲಿ, ಅಂದ್ರೆ ಗಾಳಿ ಒತ್ತಡದಲ್ಲಿ ಪುಡಿ ಚಿಮ್ಮಿಸಿ ಉಜ್ಜೋದ್ರಲ್ಲಿ. ಅಲ್ಯೂಮಿನಿಯಂ ಆಕ್ಸೈಡ್ ಪುಡಿಲಿ ಬ್ಲಾಸ್ಟ್ ಮಾಡಿ ಗುಂಡಿಗಳ ತಳದ ತುಕ್ಕೂ ಹೋಗಿ ಪೈಪ್ ಒಂದೇ ಸಮ ಮಾಸಲು ಬೂದು ಬಣ್ಣ ಆಗ್ಬೇಕು. ಆಮೇಲೆ ಓವನ್ನಲ್ಲಿ ಕಾಯ್ಸಿದ್ರೆ ಲೋಹದ ರಂಧ್ರದಲ್ಲಿ ಉಳಿದ ಎಣ್ಣೆ ಸುಟ್ಟು ಹೋಗತ್ತೆ. ಅಲ್ಲಿಂದ ಮುಂದೆ ಬರಿಗೈಲಿ ಮುಟ್ಟಬಾರ್ದು, ಬೆರಳಿನ ಜಿಡ್ಡು ಸಾಕು ಕೋಟಿಂಗ್ ಅಲ್ಲಿಂದ ಏಳೋಕೆ. ಬ್ಲಾಸ್ಟ್ ಆದ ಕಬ್ಬಿಣ ನಿಮ್ಮೂರ ಹವೆಲಿ ಕೆಲವೇ ಗಂಟೇಲಿ ಮತ್ತೆ ಕೆಂಪಾಗತ್ತೆ, ಅದಕ್ಕೇ ಬ್ಲಾಸ್ಟಿಂಗ್ ಒಂದು ಕಡೆ, ಕೋಟಿಂಗ್ ಇನ್ನೊಂದು ಕಡೆ ಅಂತ ಮಾಡ್ಕೋಬೇಡಿ.

ಬಜೆಟ್ ಇಲ್ಲ ಅಂದ್ರೆ ಹೆಡರ್ ಪೇಂಟ್ ಸ್ಪ್ರೇ ಕ್ಯಾನ್ ಸಿಗತ್ತೆ, ಕೆಟ್ಟದ್ದೇನಲ್ಲ. ಅದನ್ನೂ ಹಂತ ಹಂತವಾಗಿ ಕಾಯ್ಸಬೇಕು, ಸುಮಾರಾಗಿ 120, 200, 315 ಡಿಗ್ರಿಲಿ ಅರ್ಧರ್ಧ ಗಂಟೆ, ಮಧ್ಯೆ ತಣಿಯೋಕೆ ಬಿಡಬೇಕು, ಡಬ್ಬದ ಮೇಲೆ ಬರ್ದಿರತ್ತೆ, ಯಾರೂ ಓದಲ್ಲ. ಅಡುಗೆಮನೆ ಓವನ್ ಮಾತ್ರ ಮುಟ್ಟಬೇಡಿ. ಇನ್ನು ಪಟ್ಟಿ ಸುತ್ತೋದು, ಕುಂದಾಪುರದಲ್ಲಂತೂ ಬೇಡ್ವೇ ಬೇಡ, ಉಪ್ಪು ನೀರು ಕುಡಿದ ಬಟ್ಟೇನ ಕಬ್ಬಿಣಕ್ಕೆ ಸುತ್ತಿಟ್ಟ ಹಾಗೆ.

ಪ್ರಶ್ನೆ: ನಾನಿರೋದು ಮಿಶಿಗನ್. 1967ರ ಮಸ್ಟಾಂಗ್, 289 ವಿ8, ಎಂಜಿನ್ ಪೂರ್ತಿ ರೀಬಿಲ್ಡ್ ಆಗಿದೆ, ವಾಲ್ವ್ ಎತ್ತೋ ಕ್ಯಾಮ್ ಹೊಸದು. ಹೊಳಪಿನ ಸಿಲ್ವರ್ ಸಿರಾಮಿಕ್ ಹೆಡರ್ ತರಿಸಿಟ್ಟಿದ್ದೀನಿ, ಮೆಕ್ಯಾನಿಕ್ ಈಗ್ಲೇ ಹಾಕಲ್ಲ ಅಂತಾನೆ. ಚಳಿಗಾಲದಲ್ಲಿ ಗಾಡಿ ಹೊರಗೆ ತೆಗೆಯಲ್ಲ, ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ, ಸರಿನಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಮಾತು ಕೇಳಿ, ಅವ್ರಿಗೆ ಗೊತ್ತಿದೆ. ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮನ್ನ ಮೊದಲ ಸಲ 2000 ಆರ್‌ಪಿಎಂ ಆಸುಪಾಸಲ್ಲಿ ಇಪ್ಪತ್ತು ನಿಮಿಷ ಓಡಿಸ್ಬೇಕು. ಆಗ ಸ್ಪಾರ್ಕ್ ಟೈಮಿಂಗ್ ಇನ್ನೂ ಸರಿಯಾಗಿ ಕೂತಿರಲ್ಲ, ಲೇಟಾಗಿದ್ರೆ ಪೆಟ್ರೋಲ್-ಗಾಳಿ ಮಿಶ್ರಣ ಪೈಪಿನವರೆಗೂ ಉರೀತಾ ಬಂದು ಹೆಡರ್ ಕೆಂಡದ ಹಾಗೆ ಕೆಂಪಾಗತ್ತೆ. ಹೊಳಪಿನ ಸಿಲ್ವರ್ ಕೋಟಿಂಗ್ ಸಾಮಾನ್ಯವಾಗಿ 700 ಡಿಗ್ರಿವರೆಗೆ, ಕಪ್ಪು ಬಗೆ ಇನ್ನೂ ಜಾಸ್ತಿ ತಡ್ಕೊಳತ್ತೆ. ಹಳೇ ಬೀಡಿನ ಮ್ಯಾನಿಫೋಲ್ಡಲ್ಲೇ ಆ ಕೆಲಸ ಮುಗಿಸಿ, ಟ್ಯೂನ್ ಮಾಡಿ, ಆಮೇಲೆ ಹೊಸದು ಹಾಕ್ಸಿ.

ಭಾನುವಾರದ ಸ್ಟಾರ್ಟಿಂಗ್ ನಿಲ್ಸಿಬಿಡಿ. ಮೇಲೆ ಕುಂದಾಪುರದವ್ರಿಗೆ ಹೇಳಿದ ನೀರಿನ ಲೆಕ್ಕ ನಿಮ್ಮ ಚಳೀಲಿ ಇನ್ನೂ ಜೋರು, ಹತ್ತು ನಿಮಿಷಕ್ಕೆ ಸೈಲೆನ್ಸರ್ ತನಕ ಬಿಸಿನೇ ಮುಟ್ಟಲ್ಲ, ವಾರವಾರ ನೀವೇ ಕೈಯಾರೆ ನೀರು ಹೊಯ್ದ ಹಾಗಾಗತ್ತೆ. ಓಡಿಸೋದಾದ್ರೆ ಒಣ ರಸ್ತೇಲಿ ಮೂವತ್ತು ಕಿಲೋಮೀಟರ್ ಓಡ್ಸಿ, ಇಲ್ಲಾಂದ್ರೆ ಟೇಲ್ ಪೈಪಿಗೆ ಬಟ್ಟೆ ತುರುಕಿ, ಸ್ಟೇರಿಂಗ್‌ಗೆ ಒಂದು ಚೀಟಿ ಕಟ್ಟಿ, ಸುಮ್ನೆ ಬಿಡಿ. ಆ ಚೀಟಿ ಯಾಕೆ ಅಂತ ಏಪ್ರಿಲಲ್ಲಿ ಗೊತ್ತಾಗತ್ತೆ.

ಪ್ರಶ್ನೆ: ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣದ ಪೈಪಲ್ಲೇ ಹೆಡರ್ ಮಾಡ್ಸಿದ್ರೆ ತುಕ್ಕಿನ ತಲೆನೋವೇ ಇರಲ್ಲ ಅಲ್ವಾ?
— ಓದುಗರು, ಹಾಸನ

ಉತ್ತರ: ಇರತ್ತೆ. ಸತು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗತ್ತೆ, ಹೆಡ್ ಹತ್ರ ಅದು ಉಳಿಯಲ್ಲ. ಅದಕ್ಕಿಂತ ಮುಂಚೆ ವೆಲ್ಡಿಂಗ್ ಮಾಡೋ ಹುಡುಗ ಸತುವಿಂದ ಏಳೋ ಬಿಳಿ ಹೊಗೆ ಕುಡಿದು ರಾತ್ರಿ ಚಳಿ ಜ್ವರ ಬಂದು ಮಲಗ್ತಾನೆ.