ಹಾಡಿಗೆ ಮೆದುಳಿನ ಶಿಫಾರಸು ಬೇಕೆ?

ವಿರಾಜಪೇಟೆ ಸಮೀಪದ ಕಾಫಿ ಬೆಳೆಗಾರರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು ಅಮೆರಿಕದ ಕಾಲೇಜೊಂದರಲ್ಲಿ ಪದವಿ ಓದುತ್ತಿದ್ದಾಳೆ. ಮುಂದಿನ ಸೆಮಿಸ್ಟರಿಗೆ ಅವಳು ಆರಿಸಿಕೊಂಡ ವಿಷಯಗಳಲ್ಲಿ ನರವಿಜ್ಞಾನದ ಜೊತೆಗೆ ಚರ್ಚ್ ಸಂಗೀತವೂ ಕ್ವಾಯರ್, ಅಂದರೆ ಹಲವು ದನಿಗಳು ಕೂಡಿ ಹಾಡುವ ಮೇಳದ, ತಾಲೀಮೂ ಇವೆಯಂತೆ. "ಎರಡು ವರ್ಷದ ಕಾಳುಮೆಣಸಿನ ಹಣ ಅವಳ ಶುಲ್ಕಕ್ಕೆ ಹೋಗಿದೆ. ಚರ್ಚಿನಲ್ಲಿ ಹಾಡುವುದನ್ನು ಇಲ್ಲೇ ಖರ್ಚಿಲ್ಲದೆ ಕಲಿಯಬಹುದಿತ್ತು. ನರವಿಜ್ಞಾನ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡು ಎಂದು ಈ ಭಾನುವಾರ ಫೋನಿನಲ್ಲಿ ಹೇಳಬೇಕೆಂದಿದ್ದೇನೆ. ತಾವೇನನ್ನುತ್ತೀರಿ?" ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ತಮ್ಮ ಲೆಕ್ಕಾಚಾರವನ್ನು ನಾನು ಹಗುರವಾಗಿ ಕಾಣುವವನಲ್ಲ. ಮೆಣಸಿನ ಬಳ್ಳಿಗೆ ಸೊರಗು ರೋಗ ತಗುಲಿದ ವರ್ಷ ಮನೆಯ ಲೆಕ್ಕವೆಲ್ಲ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಕಂಡಿದ್ದೇನೆ. ನರವಿಜ್ಞಾನ ದೊಡ್ಡ ವಿದ್ಯೆ ಎಂಬುದರಲ್ಲಿಯೂ ತಕರಾರಿಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಬ್ರೋಕಾ ಅವರು ಮಾತು ಕಳೆದುಕೊಂಡ ರೋಗಿಯ ಮೆದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಮಾತಿನ ನೆಲೆಯನ್ನು ಎಡಭಾಗದಲ್ಲಿ ಗುರುತಿಸಿದ ಕಥೆಯನ್ನು ತಮ್ಮ ಮಗಳು ಮೊದಲ ವಾರದಲ್ಲಿಯೇ ಓದಿಯಾಳು. ಅವಳು ಅದನ್ನು ಖಂಡಿತ ಓದಲಿ.

ಆದರೆ ಆ ಕಥೆಯ ಮುಂದಿನ ಭಾಗವನ್ನೂ ತಾವು ಕೇಳಬೇಕು. ಪಾರ್ಶ್ವವಾಯು ಬಡಿದು ಒಂದು ವಾಕ್ಯವನ್ನೂ ಆಡಲಾರದ ಎಷ್ಟೋ ರೋಗಿಗಳು, ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಪದಗಳ ಸಮೇತ ಹಾಡಬಲ್ಲರು. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದ ವೈದ್ಯರು, ಮಾತನ್ನು ರಾಗದಲ್ಲಿ ಎಳೆದು ಆಡಿಸಿ ಮರಳಿ ಕಲಿಸುವ ಚಿಕಿತ್ಸೆಯೊಂದನ್ನು ರೂಪಿಸಿದರು. ಹೀಗಿರುವಾಗ ಹಾಡಿನ ತರಗತಿಯನ್ನು ಬಿಟ್ಟು ನರವಿಜ್ಞಾನ ಓದು ಎನ್ನುವುದು, ತೋಟಕ್ಕೆ ಕಾಲಿಡದೆ ಕಾಫಿಯ ರುಚಿ ನೋಡುವ ಕೆಲಸ ಕಲಿ ಎಂದಂತಾಗುತ್ತದೆ.

ಹಾಡಿದರೆ ಮೆದುಳು ಚುರುಕಾಗುತ್ತದೆ, ಆದ್ದರಿಂದ ಹಾಡಬೇಕು ಎಂದು ವಾದಿಸಲು ನಾನು ಹೊರಟಿಲ್ಲ. ಆ ವಾದದ ಗತಿ ಏನಾಯಿತೆಂಬುದನ್ನು ನಾವು ನೋಡಿದ್ದೇವೆ. 1993ರಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಟ್ಸಾರ್ಟನ ಸಂಗೀತ ಕೇಳಿಸಿ, ಆಮೇಲೆ ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗೆ ಕಂಡೀತು ಎಂಬಂಥ ಪ್ರಶ್ನೆಗಳಿಗೆ ಅವರು ತುಸು ಚೆನ್ನಾಗಿ ಉತ್ತರಿಸಿದರೆಂದು ಸಂಶೋಧಕರು ಬರೆದರು. ಆ ಪರಿಣಾಮ ಕಾಲು ಗಂಟೆಯೂ ನಿಲ್ಲಲಿಲ್ಲವೆಂದು ಅವರೇ ಹೇಳಿದ್ದರು. ಆದರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಹಂಚಲು 1,05,000 ಡಾಲರ್ ಬೇಕೆಂದು ಶಾಸನಸಭೆಯನ್ನು ಕೇಳಿದರು. ಒಬ್ಬ ಹಾಡುಗಾರ ಮೇಷ್ಟರ ಸಂಬಳವನ್ನು ಹೆಚ್ಚಿಸಿ ಎಂದು ಕೇಳಲು ಅವರಿಗೆ ತೋಚಲಿಲ್ಲ ನೋಡಿ!

ಇನ್ನು ಚರ್ಚ್ ಸಂಗೀತದ ಮಾತು. ಚರ್ಚಿನಲ್ಲಿ ಹಾಡುವುದು ಎಂದು ತಾವು ಒಂದೇ ಮಾತಿನಲ್ಲಿ ಮುಗಿಸಿದಿರಿ. ಸಾವಿರ ವರ್ಷಗಳ ಹಿಂದೆ ಇಟಲಿಯ ಗ್ವಿಡೊ ಎಂಬ ಸನ್ಯಾಸಿ, ಕಂಠಪಾಠಕ್ಕೆ ವರ್ಷಗಟ್ಟಲೆ ಕಳೆಯುತ್ತಿದ್ದ ಚರ್ಚಿನ ಹುಡುಗರಿಗೆಂದು ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ರೂಪಿಸಿದ. ಇಂದಿನ ಸಿನಿಮಾ ಹಾಡಿನ ಪಿಟೀಲು ವಾದಕರ ಮುಂದಿರುವ ಹಾಳೆ ಅದರದೇ ಸಂತಾನ. ಜರ್ಮನಿಯ ಮಹಾ ಸಂಗೀತಕಾರ ಬಾಖ್ 1723ರಲ್ಲಿ ಲೈಪ್ಜಿಗ್ ನಗರದ ಸಂತ ಥಾಮಸರ ಶಾಲೆಗೆ ಸೇರಿದಾಗ ಹಾಡಿನ ಜೊತೆಗೆ ಲ್ಯಾಟಿನ್ ಪಾಠವೂ ಅವನ ಹೊಣೆಯಾಗಿತ್ತು. ಅವನು ತನ್ನ ಕೈಯಿಂದಲೇ ಹಣ ತೆತ್ತು ಲ್ಯಾಟಿನ್ನನ್ನು ಬೇರೊಬ್ಬರಿಗೆ ವಹಿಸಿದ. ಉಪಯುಕ್ತ ವಿಷಯದಿಂದ ಬಿಡಿಸಿಕೊಳ್ಳಲು ಹಣ ಕೊಟ್ಟವರೂ ಇದ್ದಾರೆಂಬುದು ತಮ್ಮ ಗಮನದಲ್ಲಿರಲಿ.

ಅಷ್ಟು ದೂರ ಹೋಗುವುದೂ ಬೇಡ. ತಮ್ಮೂರಿನ ಸಂತ ಅನ್ನಮ್ಮನವರ ಚರ್ಚು 1792ರದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ಕೊಟ್ಟ ನೆಲೆ. ಪ್ರೊಟೆಸ್ಟಂಟರಲ್ಲಿ, ನಿಘಂಟಿನ ಕಿಟ್ಟೆಲ್ ಅವರು 1862ರಲ್ಲಿಯೇ ಕ್ರಿಸ್ತನ ಚರಿತ್ರೆಯನ್ನು ನಮ್ಮ ಹಾಡುಗಬ್ಬದ ಧಾಟಿಯಲ್ಲಿ ಕನ್ನಡಕ್ಕೆ ತಂದಿದ್ದರು. ಕಥೋಲಿಕರ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬರಲು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದಾರಿ ತೆರೆದ ಮೇಲೆ, ಯಾವ ಧಾಟಿ, ಯಾವ ವಾದ್ಯ, ಯಾವ ಛಂದಸ್ಸು ಎಂಬ ಪ್ರಶ್ನೆಗಳೆಲ್ಲ ನಮ್ಮ ಊರುಗಳಿಗೂ ಬಂದವು. ಇವುಗಳಿಗೆ ಉತ್ತರ ಹುಡುಕುವುದು ಓದಲ್ಲವೇ?

ನಾನು ಕ್ರೈಸ್ತನಲ್ಲ. ಆದರೂ ಹೈಸ್ಕೂಲಿನಲ್ಲಿದ್ದಾಗ ಗಂಡುದನಿ ಕಡಿಮೆಯಾಯಿತೆಂದು ನನ್ನನ್ನೂ ಕ್ವಾಯರಿಗೆ ಎಳೆದುಕೊಂಡರು. ತಾಲೀಮು ನಡೆಯುತ್ತಿದ್ದದ್ದು ತಗಡಿನ ಮಾಡಿನ ಒಂದು ಕೋಣೆಯಲ್ಲಿ. ಆಷಾಢದ ಮಳೆ ಹೊಡೆಯತೊಡಗಿದರೆ ಹಾರ್ಮೋನಿಯಂ ಕೂಡ ಕೇಳಿಸದು. ಎದುರು ಸಾಲಿನವರ ಹೆಗಲು ಏಳುವುದನ್ನು ನೋಡಿಕೊಂಡು ಉಸಿರು ಎಳೆದು, ತುಟಿ ನೋಡಿಕೊಂಡು ಪದ ಎತ್ತುತ್ತಿದ್ದೆವು. ನಾನು ಪ್ರತಿ ಸಾಲಿಗೂ ಅರ್ಧ ಮಾತ್ರೆ ಮುಂದೆ ಓಡುತ್ತಿದ್ದೆ. ಮಾಸ್ಟರು ಗದರಲಿಲ್ಲ, ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾತ್ರ, "ನೀನು ಇವತ್ತು ಬಾಯಿ ಆಡಿಸು, ದನಿ ಬೇಡ" ಎಂದುಬಿಟ್ಟರು. ಅಳು ಬಂದಿತ್ತು. ಹಾಗೆ ದನಿಯಿಲ್ಲದೆ ನಿಂತಾಗಲೇ, ಮೂರು ತಿಂಗಳಿಂದ ನನ್ನ ಬಲಗಡೆ ನಿಂತಿದ್ದ ಹುಡುಗ ಹಾಡುತ್ತಿದ್ದದ್ದು ನನ್ನ ಧಾಟಿಯಲ್ಲ, ಅದರ ಕೆಳಗೆ ನಡೆಯುವ ಇನ್ನೊಂದು ಧಾಟಿ ಎಂಬುದು ನನಗೆ ಮೊದಲ ಬಾರಿಗೆ ಕೇಳಿಸಿತು.

ಈ ಪಾಠಕ್ಕೆ ಕಾಲೇಜುಗಳು ಕೊಡುವ ಬೆಲೆ ನೋಡಿ. ಅಮೆರಿಕದಲ್ಲಿಯೂ ಪುಸ್ತಕದ ವಿಷಯಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಮೂರು ನಾಲ್ಕು ಕ್ರೆಡಿಟ್ ಸಿಕ್ಕರೆ, ವಾರಕ್ಕೆ ಹಲವು ಗಂಟೆ ನಿಂತು ಹಾಡುವ ಮೇಳಕ್ಕೆ ಸಾಮಾನ್ಯವಾಗಿ ಸಿಗುವುದು ಒಂದು. ನಮ್ಮಲ್ಲಂತೂ ಅದು ವಾರ್ಷಿಕೋತ್ಸವದ ಸಾಮಾನು. ಮುಖ್ಯ ಅತಿಥಿ ಬರುವುದು ತಡವಾದಾಗ ಮಕ್ಕಳನ್ನು ವೇದಿಕೆಗೆ ಹತ್ತಿಸುತ್ತಾರೆ. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡುವ ನಾಲ್ವರು ದುಡಿ ಎಂಬ ಚಿಕ್ಕ ಚರ್ಮವಾದ್ಯ ಹಿಡಿದು, ಇಬ್ಬರು ಬಿಟ್ಟ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತ ಗಂಟೆಗಟ್ಟಲೆ ನಡೆಸುವ ಆ ಜೋಡಣೆಗೆ ನಮ್ಮ ಯಾವ ಪದವಿಯಲ್ಲಿ ಅಂಕವಿದೆ? ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಅಂದು ಅವರಿಗೆ ದುಡಿಯವರು ಸಿಕ್ಕಿದ್ದರು. ಇಂದು ಮದುವೆ ಮಂಟಪದಲ್ಲಿ ಪೆನ್‌ಡ್ರೈವ್ ಸಿಗುತ್ತದೆ. ಚರ್ಚುಗಳ ಕಥೆಯೂ ಬೇರೆಯಲ್ಲ: ಗುಂಡಿ ಒತ್ತಿದರೆ ತಾನೇ ತಾಳ ಹಾಕುವ ಕೀಬೋರ್ಡು ಬಂದ ಮೇಲೆ, ಪಕ್ಕದವನ ಉಸಿರಿಗೆ ಕಾಯುವ ಅಗತ್ಯ ಯಾರಿಗೂ ಉಳಿದಿಲ್ಲ. ಖರ್ಚಿಲ್ಲದೆ ಇಲ್ಲೇ ಕಲಿಯಬಹುದಿತ್ತು ಎಂದಿರಲ್ಲ, ಯಾರ ಬಳಿ ಎಂಬುದನ್ನೂ ತಾವು ಬರೆಯಬೇಕಿತ್ತು.

ಭಾನುವಾರ ಫೋನು ಮಾಡಿದಾಗ ಶುಲ್ಕದ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು, ಕ್ವಾಯರಿನಲ್ಲಿ ನೀನು ಹಾಡುವುದು ಮೇಲಿನ ದನಿಯೋ ಕೆಳಗಿನ ದನಿಯೋ ಎಂದು ಕೇಳಿ. ಕೆಳಗಿನದು ಎಂದಳಾದರೆ, ಅದೊಂದನ್ನೇ ಬಿಡಿಯಾಗಿ ಹಾಡಿ ತೋರಿಸಲು ಹೇಳಿ. ಹಾಡೇ ಅಲ್ಲವೇನೋ ಎಂಬಷ್ಟು ಸಪ್ಪೆಯಾಗಿ ಕೇಳಿಸೀತು, ಫೋನು ಇಡಬೇಡಿ.